ಪಾಲಿಶ್ ಹೊಡೆದ ಕೋಣೆಯಲ್ಲಿ ಹುಡುಗರನ್ನು ಮಲಗಿಸಬೇಡಿ

ಗೌಡ್ರೇ, ಮೂಡಿಗೆರೆ ಹೋಂಸ್ಟೇಯಲ್ಲಿ ಬಾಗಿಲು, ಮರದ ಸೀಲಿಂಗಿಗೆ ಪಾಲಿಶ್ ಹೊಡೆಯುವ ಹುಡುಗರಿಗೆ ಸಂಜೆ ತಲೆನೋವು, ವಾಕರಿಕೆ ಅಂತ ಬರೆದಿದ್ದೀರಿ. ಬೆಳಿಗ್ಗೆ ಎದ್ದರೂ ತಲೆ ಭಾರ. ಮಳೆ ಎರಚಲಿಗೆ ಕಿಟಕಿ ಮುಚ್ಚಿದ್ದೀರಿ, ರಾತ್ರಿ ಅವರು ಅಲ್ಲೇ ಮಲಗುತ್ತಾರೆ. ಇವತ್ತೇ ಬೇರೆ ಕಡೆ ಮಲಗಿಸಿ. ಜಗಲಿಯಾದರೂ ಸರಿ. ತೋಟದ ಔಷಧಿ ಇಟ್ಟ ಸ್ಟೋರ್ ಮಾತ್ರ ಬೇಡ!

ಹಾಸನದಲ್ಲಿ ಇಪ್ಪತ್ತು ವರ್ಷದಿಂದ ಪೇಂಟಿಂಗ್ ಕಾಂಟ್ರಾಕ್ಟ್ ಮಾಡುತ್ತಿದ್ದೇನೆ. ನಾನೂ ಹಾಗೆ ಮಲಗಿದವನೇ. ಪಾಲಿಶ್ ತೆಳುಮಾಡಲು ಬೆರೆಸುವ ಥಿನ್ನರಿನಲ್ಲಿರುವ ಟಾಲ್ಯೂಯಿನ್, ಕ್ಸೈಲೀನ್ ಎಂಬ ದ್ರಾವಕಗಳ ಆವಿ ಗಾಳಿಗಿಂತ ಭಾರ. ಮುಚ್ಚಿದ ಕೋಣೆಯಲ್ಲಿ ನೆಲದ ಹತ್ತಿರ ಕೂರುತ್ತದೆ. ಚಾಪೆ ಹಾಸಿ ಮಲಗಿದವನ ಮೂಗೂ ಅಲ್ಲೇ, ಅಲ್ವಾ? 'ವಾಸನೆ ಅಭ್ಯಾಸ ಆಯ್ತು ಸರ್' ಎನ್ನುತ್ತಾರೆ. ಮೂಗು ಸೋತಿರುತ್ತದೆ, ಆವಿ ಹಾಗೇ ಇರುತ್ತದೆ.

ರಜೆ ದಿನ ತಲೆನೋವು ಇಲ್ಲ, ಕೆಲಸಕ್ಕೆ ಬಂದ ಸಂಜೆ ಮತ್ತೆ ಶುರು ಅಂದರೆ ಥಿನ್ನರ್ ಮೇಲೇ ಅನುಮಾನ ಇಡಿ. ಇದು ಹೊರಗಿನ ಗಾಳಿಗೆ ಹೋದರೆ ಇಳಿಯುತ್ತದೆ. ವರ್ಷಗಟ್ಟಲೆ ಈ ಆವಿ ಎಳೆದವರಿಗೆ ಮರೆವು, ಸುಮ್ನೆ ಸಿಟ್ಟು ಬರುತ್ತದೆ, ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಡೆನ್ಮಾರ್ಕ್, ಸ್ವೀಡನ್ ಪೇಂಟರ್‌ಗಳಲ್ಲಿ 1970ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1989ರಲ್ಲಿ ಪೇಂಟರ್ ಕೆಲಸವನ್ನೇ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿತು. ನನ್ನ ಜೊತೆ ಕೆಲಸ ಕಲಿತವನೊಬ್ಬ ಈಗ ಬಾಗಿಲು ಎಷ್ಟು ಅಂತ ಚೀಟಿ ನೋಡದೆ ಹೇಳಲಾರ. ಥಿನ್ನರ್ರೋ, ಕುಡಿತವೋ, ಎರಡೂ ಸೇರಿಯೋ, ಡಾಕ್ಟರಿಗೂ ಬಿಡಿಸಿ ಹೇಳಲಾಗಲಿಲ್ಲ. ಸಂಜೆ ಕುಡಿದರೆ ಥಿನ್ನರ್ ಮೈಯಿಂದ ಹೊರಹೋಗುವುದು ನಿಧಾನವಾಗುತ್ತದೆ. ಇದನ್ನು ಹುಡುಗರಿಗೆ ನೇರವಾಗಿಯೇ ಹೇಳಿ.

ಮಾಸ್ಕ್ ವಿಷಯ. ಬಟ್ಟೆ, ಎನ್95 ಎಲ್ಲ ಉಪ್ಪುಕಾಗದ ಉಜ್ಜುವ ಧೂಳಿಗೆ. ಆವಿಯನ್ನು ತಡೆಯುವುದಿಲ್ಲ. ಇದ್ದಿಲು ತುಂಬಿದ ಕಾರ್ಟ್ರಿಡ್ಜ್ ಇರುವ ರಬ್ಬರ್ ಮಾಸ್ಕ್ ಬೇಕು. ಮುಖಕ್ಕೆ ಸರಿಯಾಗಿ ಅಂಟಬೇಕು, ದಪ್ಪ ಗಡ್ಡ ಇದ್ದರೆ ಸಂದಿಯಲ್ಲಿ ನುಗ್ಗುತ್ತದೆ. ಕೆಲಸ ಮುಗಿದ ಮೇಲೆ ಬಿಗಿ ಡಬ್ಬಿಗೆ ಹಾಕಿಡಿ, ಹೊರಗೆ ನೇತುಹಾಕಿದರೆ ಇದ್ದಿಲು ಸುಮ್ನೆ ಖರ್ಚಾಗುತ್ತದೆ. ಒಳಗೆ ವಾಸನೆ ಬಂತೋ, ಕಾರ್ಟ್ರಿಡ್ಜ್ ಬದಲಿಸಿ. ಬೆಲ್ಲ, ಬಾಳೆಹಣ್ಣು ತಿಂದರೆ ಎಲ್ಲ ಹೋಗುತ್ತದೆ ಅನ್ನುವುದು ನಮ್ಮವರ ನಂಬಿಕೆ. ತಿನ್ನಲಿ, ಹೊಟ್ಟೆ ತುಂಬುತ್ತದೆ.

ಥಿನ್ನರಿನಲ್ಲಿ ಕೈ ತೊಳೆಯುವುದೂ ನಿಲ್ಲಲಿ. ಚರ್ಮ ಒಡೆಯುತ್ತದೆ, ಅಲ್ಲಿಂದಲೂ ಒಳಗೆ ಇಳಿಯುತ್ತದೆ. ಕೊಬ್ಬರಿ ಎಣ್ಣೆ ಉಜ್ಜಿ ಸೋಪು ಹಾಕಿದರೆ ಸಾಕು.

ಮಳೆ ಹೊಡೆಯದ ಕಡೆಯ ಕಿಟಕಿ ತೆಗೆಯಿರಿ, ಎದುರಿನ ಬಾಗಿಲೂ ತೆರೆದಿರಲಿ. ಟೇಬಲ್ ಫ್ಯಾನನ್ನು ಬಾಗಿಲ ಹೊರಗಿಟ್ಟು ಹೊಸ ಗಾಳಿಯನ್ನು ಒಳಕ್ಕೆ ದಬ್ಬಿ. ಆವಿ ಹೊರಹೋಗುವ ದಾರಿಯಲ್ಲಿ ಇಡಬೇಡಿ, ಆವಿಗೆ ಬೆಂಕಿ ಹೊತ್ತಲು ಮೋಟಾರಿನ ಕಿಡಿ ಸಾಕು. ಬೀಡಿಯಂತೂ ಬೇಡವೇ ಬೇಡ. ಯಾರಾದರೂ ಕುಡಿದವರ ಹಾಗೆ ತೂರಾಡಿದರೆ ತಕ್ಷಣ ಹೊರಗೆ ಕರೆತನ್ನಿ, ಸರಿಹೋಗದಿದ್ದರೆ ಆಸ್ಪತ್ರೆಗೆ.

ಪಾಲಿಶ್ ಡಬ್ಬದ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಅಂತಿದೆಯೋ, ಪಿಯು (ಪಾಲಿಯುರೆಥೇನ್) ಅಂತಿದೆಯೋ? ಒಂದು ಫೋಟೋ ಹಾಕಿ. ಎರಡು ಡಬ್ಬ ಬೆರೆಸುವ ಪಿಯು ಆದರೆ ಅದರ ಹಾರ್ಡ್‌ನರ್‌ನಿಂದ ಕೆಲವರಿಗೆ ಉಬ್ಬಸವೇ ಹಿಡಿಯುತ್ತದೆ. ಫೋಟೋ ನೋಡಿ ನಾನು ಹೇಳುವವರೆಗೆ ಸ್ಪ್ರೇ ನಿಲ್ಲಿಸಿಡಿ.