‘ಅಡ್ಡಿಲ್ಲ’ ಅಂದರೆ ಮೆಚ್ಚಿದ ಹಾಗೆ ಅಲ್ವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಮದುವೆಯಾಗಿ ಮೂರು ವರ್ಷ ಆಯಿತು, ಒಂದು ದಿನವೂ ಮೆಚ್ಚಿ ಮಾತಾಡಿಲ್ಲ ಅಂತ ಹೆಂಡತಿಗೆ ಬೇಜಾರು. ಚರ್ಚಿನ ಸಭೆಯಲ್ಲೂ ‘ಒಬ್ಬರಿಗೊಬ್ಬರು ಧೈರ್ಯ ತುಂಬುವ ಮಾತಾಡಿ’ ಅನ್ನುತ್ತಾರೆ. ನಿಮಗೆ ಮಾತ್ರ ಅದು ಬೆಣ್ಣೆ ಹಚ್ಚಿದ ಹಾಗೆ ಅನ್ನಿಸುತ್ತದೆ. ಕ್ರೈಸ್ತನಾಗಿ ಏನು ಮಾಡಬೇಕು ಅಂತ ಕೇಳಿದ್ದೀರಿ.

ನಾನು ತೀರ್ಥಹಳ್ಳಿ ಕಡೆಯವನು. ಎರಡು ಎಕರೆ ಅಡಿಕೆ ತೋಟ, ಮದುವೆಯಾಗಿ 22 ವರ್ಷ. ನಿಮ್ಮ ಕಾಯಿಲೆ ನನಗೂ ಇತ್ತು, ಈಗಲೂ ಪೂರ್ತಿ ಬಿಟ್ಟಿಲ್ಲ. ನಮ್ಮ ಕಡೆ ಗಂಡಸರ ಬಾಯಲ್ಲಿ ಬರುವ ದೊಡ್ಡ ಹೊಗಳಿಕೆ ಅಂದರೆ ‘ಅಡ್ಡಿಲ್ಲ’. ಮಗಳು ಫಸ್ಟ್ ಕ್ಲಾಸಲ್ಲಿ ಪಾಸಾದರೂ ಅಡ್ಡಿಲ್ಲ, ತಮ್ಮ ಹೊಸ ಮನೆ ಕಟ್ಟಿದರೂ ಅಡ್ಡಿಲ್ಲ. ಸುಮ್ನೆ ಉಂಡು ಎದ್ದರೆ ಅಡುಗೆ ಚೆನ್ನಾಗಿತ್ತು ಅಂತ ಮನೆಯವರೇ ತಿಳಿದುಕೊಳ್ಳಬೇಕು. ಬಾಯಿ ಬಿಟ್ಟರೆ ಏನೋ ತಪ್ಪಿದೆ ಅಂತ ಅರ್ಥ.

ಹೀಗೇ ಒಂದು ಮಳೆಗಾಲ ನಮ್ಮನೆಯವಳು ಕಳಲೆ, ಅಂದರೆ ಎಳೆ ಬಿದಿರಿನ ಪಲ್ಯ ಮಾಡಿದ್ದಳು. ಕಳಲೆ ಕೆಲಸ ಗೊತ್ತಲ್ಲ? ಸಿಪ್ಪೆ ಬಿಡಿಸಬೇಕು, ಸಣ್ಣಗೆ ಹೆಚ್ಚಬೇಕು, ಮೂರು ದಿನ ನೀರಲ್ಲಿ ಇಟ್ಟು ದಿನಾ ನೀರು ಬದಲಿಸಬೇಕು. ಇಲ್ಲದಿದ್ದರೆ ಕಹಿ ಹೋಗುವುದಿಲ್ಲ. ಮೂರು ದಿನದ ಕೆಲಸವನ್ನು ನಾನು ಹತ್ತು ನಿಮಿಷದಲ್ಲಿ ತಿಂದೆ. ‘ಉಪ್ಪು ಸ್ವಲ್ಪ ಕಮ್ಮಿ’ ಅಂದೆ. ಅವಳು ಉಪ್ಪಿನ ಡಬ್ಬ ನನ್ನ ಕಡೆ ತಳ್ಳಿದಳು, ಅಷ್ಟೇ. ಮುಂದಿನ ವರ್ಷ ಆಷಾಢ ಕಳೆದರೂ ಕಳಲೆ ಕಾಣಲಿಲ್ಲ. ಯಾಕೆ ಅಂತ ಕೇಳಿದೆ. ‘ಮಾಡಿದರೆ ಉಪ್ಪು ಕಮ್ಮಿಯಾಗುತ್ತೆ’ ಅಂದಳು.

ಇನ್ನು ಬೆಣ್ಣೆಯ ವಿಷಯ. ನಿಮಗಿರುವ ಅನುಮಾನ ಬೈಬಲ್ಲಿಗೂ ಇದೆ. ಮುಂಜಾನೆ ಎದ್ದು ನೆರೆಯವನನ್ನು ದೊಡ್ಡ ದನಿಯಲ್ಲಿ ಹರಸಿದರೆ ಅದು ಶಾಪದ ಲೆಕ್ಕಕ್ಕೇ ಸೇರುತ್ತದೆ ಅಂತ ಜ್ಞಾನೋಕ್ತಿ 27:14ರಲ್ಲಿದೆ. (ಬೆಳಿಗ್ಗೆ ಐದಕ್ಕೇ ಸಭೆಯ ವಾಟ್ಸಾಪ್ ಗ್ರೂಪಿಗೆ ಗುಲಾಬಿ ಹೂವಿನ ಚಿತ್ರ ಹಾಕುವವರು ಈ ವಚನವನ್ನು ಮಾತ್ರ ಕಳಿಸಿದ್ದು ನಾನು ನೋಡಿಲ್ಲ.) ಎಫೆಸ 4:29 ಎಲ್ಲರಿಗೂ ಬಾಯಿಪಾಠ, ಕೆಟ್ಟ ಮಾತು ಬಾಯಿಂದ ಹೊರಡಬಾರದು ಅಂತ. ಅದರ ಉಳಿದ ಅರ್ಧವನ್ನೂ ಓದಿ. ಸಿಹಿ ಮಾತಾಡಿ ಅಂತ ಅಲ್ಲಿಲ್ಲ. ಆ ಹೊತ್ತಿಗೆ ಬೇಕಾದ, ಕೇಳುವವರಿಗೆ ಹಿತವಾಗುವ ಮಾತಾಡಿ ಅಂತ ಇದೆ.

ಹಾಗಾದರೆ ಅದು ಎಂಥ ಮಾತು? ನನಗೆ ಇದನ್ನು ತಿಳಿಸಿದವನು ಬೈಬಲ್ಲಿನ ಬಾರ್ನಬ. ಅವನ ಹೆಸರು ಯೋಸೇಫ, ಕುಪ್ರ (ಸೈಪ್ರಸ್) ದ್ವೀಪದವನು. ಧೈರ್ಯ ತುಂಬುವವನು ಅನ್ನುವ ಅರ್ಥದಲ್ಲಿ ಅಪೊಸ್ತಲರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, ಅವನನ್ನು ಬಾರ್ನಬ ಅಂತ ಕರೆದರು. ಸೌಲ, ಅಂದರೆ ಮುಂದೆ ಪೌಲ, ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲ ಹೆದರಿ ದೂರ ನಿಂತರು. ಮನೆಮನೆಗೆ ನುಗ್ಗಿ ಯೇಸುವನ್ನು ನಂಬಿದವರನ್ನು ಸೆರೆಮನೆಗೆ ಹಾಕಿಸಿದ್ದವನನ್ನು ಯಾರು ನಂಬುತ್ತಾರೆ? ಬಾರ್ನಬ ಅವನನ್ನು ಅಪೊಸ್ತಲರ ಹತ್ತಿರ ಕರೆದುಕೊಂಡು ಹೋದ. ದಾರಿಯಲ್ಲಿ ಕರ್ತನು ಇವನಿಗೆ ಕಾಣಿಸಿಕೊಂಡು ಮಾತಾಡಿದ, ಇವನು ದಮಸ್ಕದಲ್ಲಿ ಯೇಸುವಿನ ಹೆಸರಲ್ಲಿ ಧೈರ್ಯವಾಗಿ ಮಾತಾಡಿದ ಅಂತ ತಿಳಿಸಿದ. ಬಹಳ ಒಳ್ಳೆಯವನು, ದೊಡ್ಡ ಜ್ಞಾನಿ ಅಂತ ಒಂದು ಮಾತೂ ಇಲ್ಲ. ನಡೆದದ್ದನ್ನು ಹೇಳಿದ, ಸಾಕ್ಷಿ ಹೇಳಿದ ಹಾಗೆ.

ಅದಕ್ಕೇ ನಾನು ಹೇಳುವುದು, ಹೊಗಳಬೇಡಿ. ನೋಡಿದ್ದನ್ನು ಹೇಳಿ. ‘ನೀನು ದೇವತೆ’ ಅನ್ನಲು ನಿಮಗೆ ನಾಚಿಕೆಯಾಗುತ್ತದೆ, ಅದು ಸರಿಯೇ. ‘ಅಮ್ಮನಿಗೆ ರಾತ್ರಿ ಜ್ವರ ಬಂದಾಗ ನೀನು ಎರಡು ಸಲ ಎದ್ದು ಹೋದೆ, ನನಗೆ ಗೊತ್ತಾಯಿತು’ ಅನ್ನುವುದಕ್ಕೆ ಏನು ನಾಚಿಕೆ? ಅದರಲ್ಲಿ ಬೆಣ್ಣೆ ಎಲ್ಲಿದೆ?

ಒಳ್ಳೆಯದನ್ನು ಹೇಳದೆ ಉಳಿಸಿಕೊಂಡರೂ ಆಗಬಹುದೇನೋ, ಆದರೆ ಕೆಟ್ಟದ್ದನ್ನು ಮಾತ್ರ ಹೇಳಿದರೆ ಏನಾಗುತ್ತದೆ ಅಂತ ಮಗನ ವಿಷಯದಲ್ಲಿ ನೋಡಿದ್ದೇನೆ. ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುತ್ತೇವಲ್ಲ, ಬೋರ್ಡೋ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಆ ವರ್ಷ ಮೊದಲ ಸಲ ಮಗನೇ ಬೆಳಿಗ್ಗೆ ಎದ್ದು ಎಲ್ಲ ತೂಕ ಮಾಡಿ ಕಲಸಿದ್ದ. ನಾನು ಹೋಗಿ ಚಾಕು ಅದ್ದಿದೆ. ಅಲುಗಿಗೆ ಕೆಂಪಗೆ ತಾಮ್ರ ಹತ್ತಿತು. ಅಂದರೆ ಸುಣ್ಣ ಸಾಲದು. ಮರ ಹತ್ತುವವರ ಎದುರಿಗೇ ‘ಒಂದು ಕೆಲಸ ನೆಟ್ಟಗೆ ಬರಲ್ಲ ನಿಂಗೆ’ ಅಂದೆ. ಅವರಲ್ಲಿ ಹಿರಿಯರೊಬ್ಬರು ‘ಇನ್ನೊಂದು ಹಿಡಿ ಸುಣ್ಣ ಹಾಕಿದರೆ ಆಯ್ತಲ್ಲ ಅಣ್ಣ’ ಅಂದರು. ಹಾಕಿದರು, ಸರಿಹೋಯಿತು. ಸುಣ್ಣ ಹಳೆಯದಾಗಿತ್ತು, ಅಷ್ಟೇ. ಅದನ್ನು ತಂದಿಟ್ಟವನು ನಾನು. ಮಗ ಆ ಮಳೆಗಾಲ ಪೂರ್ತಿ ತೋಟಕ್ಕೆ ಇಳಿಯಲಿಲ್ಲ. ತಂದೆಗಳೇ, ಮಕ್ಕಳನ್ನು ಕೆಣಕಬೇಡಿ, ಅವರು ಮನಗುಂದಿಯಾರು ಅಂತ ಕೊಲೊಸ್ಸೆ 3:21ರಲ್ಲಿದೆ. ಎಷ್ಟೋ ಸಲ ಓದಿದ್ದೆ. ‘ಮನಗುಂದುವುದು’ ಅಂದರೆ ಏನು ಅಂತ ಅವತ್ತು ಅವನ ಮುಖದಲ್ಲಿ ಕಂಡೆ.

ಒಂದು ಎಚ್ಚರಿಕೆ ಮಾತ್ರ. ಯಾರಾದರೂ ದುಃಖದಲ್ಲಿದ್ದಾಗ ಧೈರ್ಯ ಹೇಳುತ್ತೇನೆ ಅಂತ ವಚನ ತೆಗೆಯಬೇಡಿ. ಬೈಬಲ್ಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೆ ಅವರು ಒಳ್ಳೆಯವರೇ. ಕೆಟ್ಟಿದ್ದು ಬಾಯಿ ತೆರೆದ ಮೇಲೆ. ಪ್ರವಾದಿ ಎಲೀಯ ಸಾಯುತ್ತೇನೆ ಅಂತ ಜಾಲಿ ಗಿಡದ ಕೆಳಗೆ ಮಲಗಿದಾಗಲೂ ದೇವದೂತ ಪ್ರಸಂಗ ಮಾಡಲಿಲ್ಲ. ಎದ್ದು ಊಟ ಮಾಡು ಅಂದ.

ಇವತ್ತೇ ಶುರು ಮಾಡುವುದಾದರೆ ಒಂದೇ ಒಂದು ವಿಷಯ ಹೇಳಿ, ಚಿಕ್ಕದು, ನಿಜವಾಗಿ ನೋಡಿದ್ದು. ‘ಆದರೆ’ ಸೇರಿಸಬೇಡಿ. ಮೊದಲ ಸಲ ನಿಮ್ಮ ಮನೆಯವರು ನಂಬುವುದಿಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಾನು ಒಂದು ದಿನ ಧೈರ್ಯ ಮಾಡಿ, ‘ಮಳೆಯಲ್ಲೂ ಅಷ್ಟೂ ಅಡಿಕೆ ಒಣಗಿಸಿಬಿಟ್ಟೆಯಲ್ಲ, ನನ್ನ ಕೈಲಿ ಆಗುತ್ತಿರಲಿಲ್ಲ’ ಅಂದೆ. ನಮ್ಮನೆಯವಳು ಒಲೆಯ ಹತ್ತಿರದಿಂದ ತಿರುಗಿ ನನ್ನನ್ನೇ ಒಂದು ಕ್ಷಣ ನೋಡಿದಳು. ‘ಏನ್ರೀ, ಮತ್ತೆ ಸೊಸೈಟೀಲಿ ಸಾಲ ಮಾಡಿದ್ರಾ?’ ಅಂದಳು.