ಮೊಟ್ಟೆಯ ಹಳದಿ ತೆಗೆದು ಬಿಳಿ ಮಾತ್ರ ತಿಂದರೆ ಸಾಕಾ?

ಕೊಲೆಸ್ಟ್ರಾಲ್ ಹೆದರಿಕೆಗೆ ಮನೆಯಲ್ಲಿ ಎಲ್ಲರೂ ಮೊಟ್ಟೆಯ ಬಿಳಿ ಮಾತ್ರ ತಿನ್ನುತ್ತೇವೆ, ನಾಲ್ಕು ವರ್ಷದ ಮಗನಿಗೂ ಹಾಗೇ ಕೊಡುತ್ತೇವೆ, ಸರಿಯಾ ಎಂದು ಕೇಳಿದ್ದೀರಿ. ಮಗನ ವಿಷಯ ಮೊದಲು ಹೇಳಿಬಿಡುತ್ತೇನೆ. ದಯವಿಟ್ಟು ಅವನಿಗೆ ಹಳದಿ ಕೊಡಿ.

ನಾನು ಕುಂಬಳೆ ಕಡೆಯ ಒಂದು ಅಂಗನವಾಡಿಯಲ್ಲಿ ಟೀಚರ್. ಕೇರಳದ ಅಂಗನವಾಡಿಗಳಲ್ಲಿ ಮಕ್ಕಳಿಗೆ ಹಾಲು, ಮೊಟ್ಟೆ ಕೊಡುವ ಯೋಜನೆ 2022ರಲ್ಲಿ ಶುರುವಾಯಿತು. ಬೆಳಿಗ್ಗೆ ಬಾಗಿಲಲ್ಲೇ ಮಕ್ಕಳ ಪ್ರಶ್ನೆ, "ಇನಿ ತೆತ್ತಿ ಉಂಡಾ ಟೀಚರ್?" ತುಳುವಿನಲ್ಲಿ, ಇವತ್ತು ಮೊಟ್ಟೆ ಇದೆಯಾ ಅಂತ. ಮಲಯಾಳ ಮಾತಾಡುವ ಮನೆಯ ಮಗು 'ಮುಟ್ಟ' ಎನ್ನುತ್ತದೆ. ಆಸೆ ಎಲ್ಲರಿಗೂ ಒಂದೇ. ಆದರೆ ಊಟ ಮುಗಿದ ಮೇಲೆ ತಟ್ಟೆ ನೋಡಬೇಕು. ಬಿಳಿ ಹೊಟ್ಟೆಗೆ ಹೋಗಿರುತ್ತದೆ, ಹಳದಿ ಉಂಡೆ ಅಂಚಿನಲ್ಲಿ ಉಳಿದಿರುತ್ತದೆ. ಅದು ಒಣ ಒಣ, ಮಕ್ಕಳ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಅದನ್ನು ಬೆರಳಲ್ಲಿ ಪುಡಿ ಮಾಡಿ ಬಿಸಿ ಗಂಜಿಗೆ ಕಲಸುತ್ತೇನೆ, ಚೂರು ಉಪ್ಪು ಹಾಕುತ್ತೇನೆ. ಗಂಜಿ ತಿಳಿ ಹಳದಿಯಾಗುತ್ತದೆ. ಎರಡು ನಿಮಿಷದಲ್ಲಿ ತಟ್ಟೆ ಖಾಲಿ. ನಿಮ್ಮ ಮಗನಿಗೂ ಹೀಗೆ ಮಾಡಿ ನೋಡಿ.

ಇಷ್ಟು ಹಟ ಯಾಕೆ ಅಂದರೆ, ಮೊಟ್ಟೆಯ ಸತ್ವ ಜಾಸ್ತಿ ಇರುವುದೇ ಹಳದಿಯಲ್ಲಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್ ಇದೆ. ಅದರಲ್ಲೂ ಹತ್ತಿರ ಹತ್ತಿರ ಅರ್ಧ ಹಳದಿಯದ್ದೇ. ವಿಟಮಿನ್ ಎ, ವಿಟಮಿನ್ ಡಿ ಪೂರ್ತಿ ಹಳದಿಯಲ್ಲಿ, ಬಿ12 ಹೆಚ್ಚುಕಮ್ಮಿ ಎಲ್ಲವೂ ಅಲ್ಲೇ. ಕೋಲೀನ್ ಎಂಬ ಇನ್ನೊಂದು ಪೋಷಕಾಂಶವಿದೆ, ಮಕ್ಕಳ ಮೆದುಳಿನ ಬೆಳವಣಿಗೆಗೆ ಬೇಕಾದದ್ದು. ಬಿಳಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕಣ್ಣಿಗೆ ಒಳ್ಳೆಯದಾದ ಲ್ಯೂಟೀನ್ ಕೂಡ ಹಳದಿಯದ್ದೇ. ಬೆಳೆಯುವ ಮಗುವಿನ ಪಾಲಿನ ಇದನ್ನೆಲ್ಲ ಎಸೆಯುವುದು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇನ್ನು ಕೊಲೆಸ್ಟ್ರಾಲ್. ಒಂದು ಹಳದಿಯಲ್ಲಿ ಸುಮಾರು 185 ಮಿಲಿಗ್ರಾಂ ಇರುವುದು ನಿಜ. ಆದರೆ ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲನ್ನು ನಮ್ಮ ಲಿವರ್ ತಾನೇ ತಯಾರಿಸುತ್ತದೆ. ಹೆಚ್ಚಿನವರಲ್ಲಿ ಅದನ್ನು ಏರಿಸುವುದು ಮುಖ್ಯವಾಗಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ತುಪ್ಪ, ತೆಂಗಿನೆಣ್ಣೆಯಂಥವುಗಳಲ್ಲಿ ಜಾಸ್ತಿ ಇರುವ ಕೊಬ್ಬು. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಎಂಬ ಹಳೆಯ ಮಿತಿಯನ್ನು ಅಮೆರಿಕದ ಆಹಾರ ಮಾರ್ಗಸೂಚಿಯಿಂದಲೂ 2015ರ ಹೊತ್ತಿಗೆ ತೆಗೆದರು. ನನ್ನ ಅಪ್ಪ ವರ್ಷಗಟ್ಟಲೆ ಹಳದಿ ಬಿಟ್ಟಿದ್ದರು. ಸಂಜೆಯ ಚಹಾಕ್ಕೆ ತೆಂಗಿನೆಣ್ಣೆಯಲ್ಲಿ ಕರಿದ ಪೋಡಿ (ಬಜ್ಜಿ) ಮಾತ್ರ ತಪ್ಪುತ್ತಿರಲಿಲ್ಲ. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಸ್ಯಾಚುರೇಟೆಡ್, ಒಂದು ಮೊಟ್ಟೆಯಲ್ಲಿ ಅದು ಒಂದೂವರೆ ಗ್ರಾಂ ಅಷ್ಟೇ. ಕೊನೆಗೆ ಡಾಕ್ಟರು ಕಡಿಮೆ ಮಾಡಿಸಿದ್ದು ಪೋಡಿಯನ್ನು. ಆರೋಗ್ಯವಾಗಿರುವ ದೊಡ್ಡವರು ದಿನಕ್ಕೊಂದು ಇಡೀ ಮೊಟ್ಟೆ ತಿನ್ನಬಹುದು. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರಿದ್ದರೆ ಅವರು ತಮ್ಮ ಡಾಕ್ಟರನ್ನು ಕೇಳಿಯೇ ತಿನ್ನಲಿ.

ಊರಕೋಳಿ ಮೊಟ್ಟೆಯೇ ಬೇಕಾ ಎಂದು ತಾಯಂದಿರು ಕೇಳುತ್ತಿರುತ್ತಾರೆ. ಸಿಕ್ಕಿದರೆ ಕೊಡಿ, ಅದಕ್ಕಾಗಿ ಸಾಲ ಮಾಡಬೇಡಿ. ತಮಿಳುನಾಡಿನ ನಾಮಕ್ಕಲ್‌ನಿಂದ ಬರುವ ಫಾರಂ ಕೋಳಿಯ ಬಿಳಿ ಮೊಟ್ಟೆಯಲ್ಲೂ ಮೇಲೆ ಹೇಳಿದ ಎಲ್ಲವೂ ಇದೆ. ಸಿಪ್ಪೆಯ ಬಣ್ಣ ಕೋಳಿಯ ತಳಿಯಿಂದ, ಹಳದಿಯ ಬಣ್ಣ ಅದು ತಿಂದ ಮೇವಿನಿಂದ.

ಮೊಟ್ಟೆಯಲ್ಲಿ ನಾರು ಇಲ್ಲ, ವಿಟಮಿನ್ ಸಿ ಇಲ್ಲ. ಹಾಗಾಗಿ ಜೊತೆಗೆ ಬಸಳೆ, ಹಣ್ಣು ಏನಾದರೂ ಇರಲಿ. ಹಳದಿ ಕೊಟ್ಟ ಮೊದಲ ದಿನ ಸ್ವಲ್ಪವೇ ಕೊಟ್ಟು ನೋಡಿ. ಮೈಮೇಲೆ ದಡಿಕೆ (ದದ್ದು) ಎದ್ದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ತುಟಿ ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಹಸಿ ಮೊಟ್ಟೆ, ಅರೆಬೆಂದ ಮೊಟ್ಟೆ ಚಿಕ್ಕ ಮಕ್ಕಳಿಗೆ ಬೇಡವೇ ಬೇಡ, ಸಾಲ್ಮೊನೆಲ್ಲಾ ರೋಗಾಣು ಇರಬಹುದು. ನೀರು ಕುದಿ ಬಂದ ಮೇಲೆ ಹತ್ತು ನಿಮಿಷ ಬೇಯಿಸಿ, ತಕ್ಷಣ ತಣ್ಣೀರಿಗೆ ಹಾಕಿ. ಜಾಸ್ತಿ ಬೇಯಿಸಿದರೆ ಹಳದಿಯ ಸುತ್ತ ಹಸಿರು ಗೆರೆ ಬರುತ್ತದೆ. ಹಾಳಾಗಿದೆ ಎಂದು ಒಬ್ಬ ತಾಯಿ ಅದನ್ನು ಎಸೆದಿದ್ದರು. ಅದು ಹಳದಿಯ ಕಬ್ಬಿಣಾಂಶಕ್ಕೆ ಬಿಳಿಯ ಗಂಧಕ ಸೇರಿ ಆದ ಬಣ್ಣ ಅಷ್ಟೇ. ಧೈರ್ಯವಾಗಿ ತಿನ್ನಿಸಿ.