ಹಳೆ ಕಾರಿನ ಡ್ಯಾಶ್‌ಬೋರ್ಡ್ ಗಡಿಯಾರಕ್ಕೆ ಕ್ವಾರ್ಟ್ಜ್ ಯಂತ್ರ ಹಾಕಿಸಬಹುದೇ?

ಹಾಕಿಸಬಹುದು. 1960ರ ದಶಕದ ಅಮೆರಿಕನ್ ಕಾರುಗಳ ಬೋರ್ಗ್ ಕಂಪನಿಯ ಗಡಿಯಾರವನ್ನೇ ನೋಡಿ. ಒಂದೆರಡು ನಿಮಿಷಕ್ಕೊಮ್ಮೆ ಸ್ಪ್ರಿಂಗ್ ಸಡಿಲಗೊಂಡಾಗ ಪಾಯಿಂಟ್‌ಗಳು (ಕರೆಂಟ್ ಹರಿಸುವ ಲೋಹದ ತುದಿಗಳು) ಕೂಡಿ, ಕಾಯಿಲ್ (ತಂತಿಯ ಸುರುಳಿ) ಅದನ್ನು ಮತ್ತೆ ಬಿಗಿಮಾಡುತ್ತದೆ. ಬ್ಯಾಟರಿ ಇಳಿದಿದ್ದರೆ ಪಾಯಿಂಟ್‌ಗಳು ಬೇರ್ಪಡುವುದಿಲ್ಲ. ಕರೆಂಟ್ ಹರಿಯುತ್ತಲೇ ಇದ್ದು ಕಾಯಿಲ್ ಸುಡುತ್ತದೆ. ಪಾಯಿಂಟ್ ಮಾತ್ರ ಕರಿಗಟ್ಟಿದ್ದರೆ ಮೊದಲು ಉಜ್ಜಿ, ಗಡಿಯಾರದ ಎಣ್ಣೆ ಹಾಕಿ ನೋಡಿ. ಕಾಯಿಲ್ ಸುಟ್ಟಿದ್ದರೆ ಕ್ವಾರ್ಟ್ಜ್.

ಗೋಡೆ ಗಡಿಯಾರದ ಯಂತ್ರ ತುರುಕಬೇಡಿ: ಅದಕ್ಕೆ ಬೇಕಾದ್ದು 1.5 ವೋಲ್ಟ್, ಹಳೆಯ ಮುಳ್ಳುಗಳ ತೂತೂ ಹೊಂದುವುದಿಲ್ಲ. ನಿಮ್ಮ ಮಾದರಿಗೆಂದೇ ಮಾಡಿದ 12 ವೋಲ್ಟ್ ಕಿಟ್ ಕೊಳ್ಳಿ. ಬ್ರಿಟಿಷ್ ಹಳೆ ಕಾರಾದರೆ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಬಾಡಿಗೆ ಜೋಡಿಸಿರುವುದು) ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಉಲ್ಟಾ ಕೊಟ್ಟರೆ ಸರ್ಕ್ಯೂಟ್ ಸತ್ತಂತೆ.

ಬ್ಯಾಟರಿ ಕಳಚಿ, ಗಾಜಿನ ಸುತ್ತಲಿನ ರಿಂಗಿನ ಮಡಿಕೆಯನ್ನು ಸ್ವಲ್ಪಸ್ವಲ್ಪವೇ ಬಿಡಿಸಿ. ಮುಳ್ಳುಗಳನ್ನು ನೇರ ಮೇಲಕ್ಕೆ ಎಳೆಯಿರಿ. ಡಯಲಿನ ಅಂಕಿಗಳನ್ನು ಬೆರಳಿನಿಂದಲೂ ಒರೆಸಬೇಡಿ, ಬಣ್ಣ ಎದ್ದುಬರುತ್ತದೆ. ಹೊಸ ಯಂತ್ರ ಕೂರಿಸಿ ಎರಡೂ ಮುಳ್ಳನ್ನು 12ಕ್ಕೆ ಒತ್ತಿ, ಇಡೀ ಸುತ್ತು ತಿರುಗಿಸಿ. ಮುಳ್ಳಿಗೆ ಮುಳ್ಳು ತಾಗಿದರೆ ಗಡಿಯಾರ ನಿಂತುಬಿಡುತ್ತದೆ. ಗಾಜು ಮುಚ್ಚುವ ಮುನ್ನ ಮೇಜಿನ ಮೇಲೆ ಒಂದು ದಿನ ಓಡಿಸಿ. ಹಳೆ ಯಂತ್ರವನ್ನು ಎಸೆಯದೆ ಕಾರಿನ ಕಾಗದಪತ್ರದ ಜೊತೆಗೇ ಇಡಿ.